ನಿಧಾನವಾಗಿ ಬಡಿಯುವ ಎದೆ

ಮಹಬೂಬ್ ಸತ್ತ ದಿನ ಕಂಬದ ಕೆಳಗೆ ನಿಂತವರಿಗೆ ಮೇಲಿನಿಂದ ಮೊದಲು ಎರಡು ಎದೆಬಡಿತ ಕೇಳಿಸುತ್ತಿತ್ತು, ಆಮೇಲೆ ಒಂದೇ ಕೇಳಿಸಿತು. ಉಳಿದ ಆ ಒಂದು ನನ್ನ ತಮ್ಮ ತಿಪ್ಪೇಶನದು. ಇಬ್ಬರೂ ಲೈನ್‌ಮನ್‌ಗಳು, ಕೆಲಸಕ್ಕೆ ಸೇರಿದಾಗಿನಿಂದ ಜೊತೆಯಾಗಿ ಕಂಬ ಹತ್ತಿದವರು. ಕರೆಂಟು ತೆಗೆದಿದೆ ಎಂದು ಹೇಳಿ ಅವರನ್ನು ಮೇಲೆ ಕಳಿಸಿದ್ದರು. ಯಾರ ಕೈತಪ್ಪಿನಿಂದಲೋ ಅದು ಒಂದು ಕ್ಷಣ ಬಂದು ಹೋಯಿತು. ಮಹಬೂಬ್ ಸೊಂಟದ ಬೆಲ್ಟಿನಲ್ಲೇ ಜೋತುಬಿದ್ದ. ತಿಪ್ಪೇಶ ತನ್ನ ಬೆಲ್ಟು ಬಿಚ್ಚಿ ಅವನ ಕಡೆಗೆ ಸರಿದು, ತಬ್ಬಿ ಹಿಡಿದು, ಹೆಸರು ಕೂಗುತ್ತಲೇ ಇದ್ದ. ಮಹಬೂಬನ ಎದೆ ಅವನ ಕಿವಿಗೆ ಒತ್ತಿಕೊಂಡೇ ಎಡವಿ ಎಡವಿ ನಿಂತಿತು. ಆಮೇಲೆ ಇವನ ಕೈಯೂ ಸಡಿಲಾಗಿ ಕೆಳಗೆ ಬಿದ್ದ.

ನಮ್ಮೂರಲ್ಲಿ ಎದೆ ಹೊರಗೆ ಕೇಳಿಸುತ್ತದೆ. ಮನುಷ್ಯ ಸಮಾಧಾನದಿಂದಿದ್ದರೆ ಪಕ್ಕದ ಕೋಣೆಗೆ, ಗಾಬರಿಯಾದರೆ ಬೀದಿಯ ತುದಿಗೆ. ಹಾಗಾಗಿ ಇಲ್ಲಿ ಯಾರೂ ಇಸ್ಪೀಟು ಆಡುವುದಿಲ್ಲ. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಹೆಚ್ಚಾಗಿ ಅವಳ ಎದೆಗೆ ಕಿವಿಗೊಟ್ಟು ಕೂರುತ್ತಾರೆ. ಅಪ್ಪ ಪೇಟೆಯಿಂದ ಬರುತ್ತಿದ್ದಾರೋ ಪಕ್ಕದ ಮನೆಯವರು ಬರುತ್ತಿದ್ದಾರೋ ಎಂದು ಅವರು ತಿರುವಿನಲ್ಲಿರುವಾಗಲೇ ಮಕ್ಕಳು ಹೇಳುತ್ತಾರೆ. ನಾನು ಹೊಲಿಯುವುದು ಎದೆಪಟ್ಟಿ. ಒಳಗೆ ಹತ್ತಿ ತುಂಬಿ, ಒತ್ತೊತ್ತಾಗಿ ದಾರ ಹಾಕಿ, ಬೆನ್ನಿಗೆ ಲಾಡಿ ಇಟ್ಟು ಕೊಡುತ್ತೇನೆ. ಮದುಮಗಳಿಗೆ ಬೇಕು, ಕೋರ್ಟಿನಲ್ಲಿ ಸಾಕ್ಷಿ ಹೇಳುವವರಿಗೆ ಬೇಕು, ಸಾಲ ಕೇಳಲು ಹೋಗುವವರಿಗೂ ಬೇಕು. ಕಟ್ಟಿಕೊಂಡರೆ ಎದುರಿನವರಿಗೆ ಸದ್ದು ಮಂದವಾಗುತ್ತದೆ. ಕಟ್ಟಿಕೊಂಡವರಿಗೆ ಮಾತ್ರ ಒಳಗಿನದು ಹಾಗೇ ಕೇಳುತ್ತದೆ. ಅದಕ್ಕೊಂದು ಪಟ್ಟಿ ಹೊಲಿಯುವುದು ನನಗೆ ಬರುವುದಿಲ್ಲ.

ಗಂಡ ತೀರಿದ ಮೇಲೆ ನಾನು ತಮ್ಮನ ಮನೆಯಲ್ಲೇ ಇದ್ದವಳು. ಅವನು, ಅವನ ಹೆಂಡತಿ ದಾಕ್ಷಾಯಣಿ, ನಾನು. ತಿಪ್ಪೇಶನ ಬೆನ್ನಿನ ಮೂಳೆ ಕೂಡಿಕೊಳ್ಳಲು ಬಹಳ ಕಾಲ ಹಿಡಿಯಿತು. ಆಸ್ಪತ್ರೆಯವರು ನೋವಿಗೆ ಗಟ್ಟಿ ಮಾತ್ರೆ ಕೊಟ್ಟರು. ಅದನ್ನು ನುಂಗಿದಾಗ ಮನೆಯಲ್ಲಿ ಅವನ ಎದೆಯ ಸದ್ದು ತಗ್ಗುತ್ತಿತ್ತು, ನಾವೂ ಒಂದು ನಿದ್ದೆ ಮಾಡುತ್ತಿದ್ದೆವು. ಒಂದು ದಿನ ಮೂಳೆ ಕೂಡಿದೆ, ಇನ್ನು ಮಾತ್ರೆ ಬೇಡ ಎಂದು ನಿಲ್ಲಿಸಿದರು. ಮೂಳೆಯೇನೋ ಕೂಡಿತ್ತು. ನೋವು ಹೋಗಿರಲಿಲ್ಲ.

ಅವನು ಮತ್ತೆ ಕೆಲಸಕ್ಕೆ ಹೋದ. ಕುರ್ಚಿಯ ಕೆಲಸ ಕೊಡುತ್ತೇವೆ ಎಂದು ಆಫೀಸಿನಲ್ಲಿ ಹೇಳಿದ್ದರು, ಇವನೇ ಒಪ್ಪಲಿಲ್ಲ. ಕಂಬದ ಅರ್ಧಕ್ಕೆ ಹೋಗುವಷ್ಟರಲ್ಲಿ ಅವನ ಎದೆ ಬಡಿದುಕೊಳ್ಳುವುದು ಮೂರು ಬೀದಿಗೆ ಕೇಳುತ್ತಿತ್ತು. ಅಂಗಡಿಯವರು ಹೊರಗೆ ಬಂದು ತಲೆಯೆತ್ತಿ ನಿಲ್ಲುತ್ತಿದ್ದರು. ಪಾಪ ಎನ್ನುತ್ತಿದ್ದರು. ನನ್ನ ಎದೆಪಟ್ಟಿಯನ್ನು ಎರಡು ಸುತ್ತು ಕಟ್ಟಿಕೊಂಡು ಹೋದ, ಬೆವರಿನಲ್ಲಿ ತೊಯ್ದು ಅದು ಇನ್ನೂ ಭಾರವಾಯಿತು. ಸಂಜೆ ಮನೆಗೆ ಬಂದು ಯಾರ ಮುಖವನ್ನೂ ನೋಡದೆ ಗೋಡೆಗೆ ಒರಗಿ ಕೂರುತ್ತಿದ್ದ.

ಆಮೇಲೊಂದು ದಿನ ನಾನು ಸಂತೆಯಿಂದ ಬರುವಾಗ ಬಸ್ ನಿಲ್ದಾಣದ ಹತ್ತಿರದ ಕಂಬದ ಮೇಲೆ ತಿಪ್ಪೇಶ ಇದ್ದ. ಕೆಳಗೆ ಜನ ನಿಂತಿದ್ದರು. ಕಿವಿಗೊಟ್ಟು ಕೇಳಿದೆ. ಉಂಡು ಮಲಗಿದ ಮುದುಕನ ಎದೆಗಿಂತ ನಿಧಾನವಾಗಿ ಬಡಿಯುತ್ತಿತ್ತು ಅವನ ಎದೆ. ಅವನು ಕಂಬದ ತುದಿಯಲ್ಲಿ ಕೂತು, ನಮ್ಮ ಅಂಗಳದಲ್ಲಿ ಕೂತು ಹೂವು ಬಿಡಿಸುವವರ ಹಾಗೆ, ತಂತಿ ಬಿಗಿಯುತ್ತಿದ್ದ. "ನಿಮ್ಮ ತಮ್ಮ ಗೆದ್ದುಬಿಟ್ಟ ಕಣಕ್ಕ," ಎಂದ ಹಣ್ಣಿನ ಅಂಗಡಿಯವನು. ನಾನೂ ನಕ್ಕೆ. ಮನೆಗೆ ಹೋಗಿ ಪಾಯಸಕ್ಕೆ ಶಾವಿಗೆ ಹುರಿದೆ.

ಪಾಯಸ ಬಡಿಸುವಾಗ ಮಹಬೂಬನ ತಾಯಿಗೆ ಕಾಯಿಲೆಯಂತೆ, ಹಾಸಿಗೆ ಹಿಡಿದಿದ್ದಾರಂತೆ ಎಂದು ಹೇಳಿದೆ. ಅವನು "ಹೌದಾ" ಎಂದ. ಮುಖದಲ್ಲಿ ಬೇಸರವೂ ಕಾಣಿಸಿತು. ಆದರೆ ಎದೆ ಅದೇ ಲಯದಲ್ಲಿ ಹೋಗುತ್ತಿತ್ತು, ಒಂದಿಷ್ಟೂ ಅಲುಗಲಿಲ್ಲ. ಮಹಬೂಬನ ಹೆಸರು ಕೇಳಿದರೆ ಸಾಕು ಬೀದಿಗೆ ಕೇಳುವಂತೆ ಬಡಿದುಕೊಳ್ಳುತ್ತಿದ್ದ ಎದೆ ಅದು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ದಾಕ್ಷಾಯಣಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು, ತಲೆ ಬಗ್ಗಿಸಿಕೊಂಡೇ ಹೇಳಿದಳು. "ಅಕ್ಕ, ಜಗಳ ಆಡಿದ್ರೂ ಏರಲ್ಲ, ಹತ್ರ ಹೋದ್ರೂ ಏರಲ್ಲ. ಮೊದಲು ನಾನು ತವರಿಂದ ಬಂದ್ರೆ ಬಾಗಿಲಲ್ಲೇ ಕೇಳ್ತಿತ್ತು. ಈಗ ನನ್ನ ನೋಡಿದ್ರೂ ಒಂದೇ, ಕಂಬ ನೋಡಿದ್ರೂ ಒಂದೇ."

"ಇನ್ನೇನಾದ್ರೂ ಕಂಡ್ಯಾ?"

"ಊಟ ಸೇರಲ್ಲ. ತುತ್ತು ಕೈಯಲ್ಲಿ ಹಿಡ್ಕೊಂಡೇ ತೂಕಡಿಸ್ತಾರೆ. ಮೂಗು, ತೋಳು ಕೆರ್ಕೊಂತಾನೇ ಇರ್ತಾರೆ. ಹೊಟ್ಟೆ ಹೋಗಲ್ಲ ಅಂತಾರೆ. ಕಣ್ಣು ನೋಡಿದ್ದೀರಾ? ಒಳಗಿನ ಕಪ್ಪು ಸಾಸಿವೆ ಕಾಳಿನಷ್ಟೂ ಇಲ್ಲ, ದೀಪ ಆರಿಸಿದ್ರೂ ದೊಡ್ಡದಾಗಲ್ಲ."

ಅವತ್ತು ನಾನು ಅವನ ಕೆಲಸದ ಚೀಲ ಸುರಿದು ನೋಡಿದೆ. ಕಟಿಂಗ್ ಪ್ಲೇಯರ್, ರಬ್ಬರಿನ ಕೈಗವಸು, ಅದರೊಳಗೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದಗಳು. ಒಂದೊಂದರ ಮೇಲೂ ಬಸವನಹುಳು ಹರಿದು ಹೋದಂಥ, ಸುಟ್ಟ ಕಪ್ಪು ಗೆರೆ. ಇನ್ನೊಂದು ಸಣ್ಣ ಪೊಟ್ಟಣದಲ್ಲಿ ಕಂದು ಬಣ್ಣದ ಪುಡಿ. ಮೂಸಿ ನೋಡಿದೆ, ಹುಳಿ ವಾಸನೆ.

ಅವನು ಬಂದಾಗ ಅದೆಲ್ಲ ಚಾಪೆಯ ಮೇಲೆ ಹಾಗೇ ಇತ್ತು. ನಾನು ಕೂಗಾಡಲಿಲ್ಲ. ಅವನೂ ಇಲ್ಲ ಎನ್ನಲಿಲ್ಲ. ಪಕ್ಕದಲ್ಲಿ ಕೂತುಕೊಂಡ.

"ಯಾರು ಕೊಟ್ಟಿದ್ದು?"

"ಕರಿಬಸು." ಕರಿಬಸು ನಮ್ಮ ಬೀದಿಯ ಕೊನೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ಇವನ ಜೊತೆ ಓದಿದವನು, ಯಾರಿಗೂ ಕೆಟ್ಟದ್ದು ಬಯಸದವನು. "ಅವನ ಮೇಲೆ ಸಿಟ್ಟು ಮಾಡ್ಕೋಬೇಡ. ನೋವು ಅಂತ ಅಳ್ತಾ ಕೂತಿದ್ದೆ, ತನ್ನ ಪಾಲಿನದು ಕೊಟ್ಟ."

"ಸುಖಕ್ಕೆ ತಗೊಂತೀಯಾ?"

ಅವನು ಒಂದು ಬೆಳ್ಳಿ ಕಾಗದ ಎತ್ತಿ ಮಡಚಿದ. "ಮೊದಲು ಸುಖವೇ ಅಕ್ಕ, ಸುಳ್ಳು ಯಾಕೆ ಹೇಳ್ಲಿ. ಚಳಿಯಲ್ಲಿ ನಡುಗ್ತಾ ಕೂತವನಿಗೆ ಯಾರೋ ಬೆಚ್ಚಗೆ ಹೊದಿಸಿದ ಹಾಗಾಯ್ತು. ಬೆನ್ನು ನೋವಿಲ್ಲ. ಮಹಬೂಬನ ಎದೆ ನಿಂತ ಸದ್ದು ಕಿವಿಯಲ್ಲೇ ಕೂತಿತ್ತಲ್ಲ, ಅದೂ ಇಲ್ಲ. ನನ್ನ ಎದೆ ನನಗೇ ಕೇಳ್ತಿರಲಿಲ್ಲ. ಅಂಥಾದ್ದು ಮತ್ತೆ ಒಂದು ಸಲನೂ ಆಗ್ಲಿಲ್ಲ. ಅದನ್ನೇ ಹುಡುಕ್ತಾ ಜಾಸ್ತಿ ಮಾಡ್ತಾ ಹೋದೆ. ಈಗ ಸುಖಾನೂ ಇಲ್ಲ, ಏನೂ ಇಲ್ಲ. ತಗೊಂಡ್ರೆ ನಾಲ್ಕು ಜನದ ಹಾಗೆ ಎದ್ದು ನಿಲ್ತೀನಿ. ತಗೊಳ್ಳಿಲ್ಲ ಅಂದ್ರೆ ಏನಾಗ್ತೈತೆ ಅಂತ ನೀನು ನೋಡಿಲ್ಲ."

"ಬಿಟ್ಟುಬಿಡು. ನಾವಿದ್ದೀವಿ."

"ಬಿಡ್ತೀನಿ," ಎಂದ. ಆ ಮಾತು ಹೇಳುವಾಗಲೂ ಅವನ ಎದೆ ಅಲುಗಲಿಲ್ಲ. ನಿಜ ಹೇಳಿದನೋ ಸುಳ್ಳು ಹೇಳಿದನೋ ತಿಳಿಯುವ ದಾರಿ ನನಗೆ ಉಳಿದಿರಲಿಲ್ಲ. ಹುಟ್ಟಿದಾಗಿನಿಂದ ಕೇಳಿಸಿಕೊಂಡು ಬಂದವನ ಮುಂದೆ ನಾನು ಕಿವುಡಿಯಾಗಿದ್ದೆ.

ಮಾರನೇ ದಿನ ಪುಡಿಯನ್ನು ಬಚ್ಚಲಿಗೆ ಸುರಿದು ಅವನೇ ಕೋಣೆಗೆ ಹೋಗಿ ಹೊರಗಿನಿಂದ ಚಿಲಕ ಹಾಕಿಸಿಕೊಂಡ. ಮೊದಲು ಆಕಳಿಕೆ. ಆಮೇಲೆ ಕಣ್ಣಲ್ಲಿ, ಮೂಗಲ್ಲಿ ನೀರು. ಸಂಜೆಯ ಹೊತ್ತಿಗೆ ಮೈಮೇಲಿನ ರೋಮವೆಲ್ಲ ನೆಟ್ಟಗೆ ನಿಂತಿತ್ತು. ನೀರು ಕುಡಿದರೂ ವಾಂತಿ, ಮೇಲೆ ಭೇದಿ. ಕಾಲುಗಳು ಅವನ ಮಾತು ಕೇಳದೆ ಒದೆಯುತ್ತಿದ್ದವು. ಮೂಳೆಯೊಳಗೆ ಯಾರೋ ಗರಗಸ ಹಾಕುತ್ತಿದ್ದಾರೆ ಎಂದು ಅಳುತ್ತಿದ್ದ. ಇಷ್ಟು ದಿನ ಸುಮ್ಮನಿದ್ದ ಎದೆ ಅಷ್ಟನ್ನೂ ಒಟ್ಟಿಗೆ ತೀರಿಸುವ ಹಾಗೆ ಬಡಿದುಕೊಂಡಿತು. ಬೀದಿಯವರು ಕಿಟಕಿ ಹಾಕಿಕೊಂಡರು. ಎದುರು ಮನೆಯ ಬಾಣಂತಿ ಕೂಸನ್ನೆತ್ತಿಕೊಂಡು ಅಜ್ಜಿಯ ಮನೆಗೆ ಹೋದಳು. ಅಷ್ಟು ಸದ್ದಿನಲ್ಲಿ ದಾಕ್ಷಾಯಣಿ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. "ದಾಕ್ಷಿ, ಒಂದೇ ಸಲ. ಒಂದೇ ಒಂದು ಸಲ. ನನ್ನ ಸಾಯಿಸ್ಬೇಡ," ಎಂದು ಅವನು ಒಳಗಿನಿಂದ ಬೇಡುತ್ತಿದ್ದ. ಆಮೇಲೆ ಬಾಯಿಗೆ ಬಂದದ್ದು ಬೈದ. ಮತ್ತೆ ಬೇಡಿದ. ಕೊನೆಗೆ ಕಿಟಕಿಯ ಸರಳು ಬಗ್ಗಿಸಿ ಹೊರಗೆ ಹೋದ. ತಿರುಗಿ ಬಂದಾಗ ಎದೆ ಮತ್ತೆ ನಿಧಾನವಾಗಿತ್ತು. ಬೀದಿಯವರು ಕಿಟಕಿ ತೆರೆದರು. ಸದ್ಯ ಎಂದು ಅವರಿಗೆ ಅನ್ನಿಸಿರಬೇಕು. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು, ಅದಕ್ಕೇ ಹೆಚ್ಚು ಹೆದರಿದೆ.

ಹೀಗೆ ಬಿಡುವುದು, ಹಿಡಿಯುವುದು ಎಷ್ಟು ಸಲವಾಯಿತೋ. ಮಳೆಗಾಲದ ಹೊತ್ತಿಗೆ ಅವನು ಬೆಳ್ಳಿ ಕಾಗದದ ಮೇಲೆ ಕಾಯಿಸಿ ಹೊಗೆ ಎಳೆಯುವುದು ಬಿಟ್ಟು ಸೂಜಿಗೆ ಬಂದಿದ್ದ. ಅಷ್ಟೇ ಪುಡಿ ಸೂಜಿಯಲ್ಲಾದರೆ ಜಾಸ್ತಿ ಹೊತ್ತು ಬರುತ್ತದಂತೆ. ಸೆಖೆಯಲ್ಲೂ ತುಂಬು ತೋಳಿನ ಅಂಗಿ ಹಾಕುತ್ತಿದ್ದ. ಒಂದು ಮಧ್ಯಾಹ್ನ ಊರಿನ ಅರ್ಧಕ್ಕೆ ಕರೆಂಟು ಹೋಯಿತು. ತಿಪ್ಪೇಶ ಲೈನಿನ ತಾಮ್ರದ ತಂತಿ ಕತ್ತರಿಸಿ ಗುಜರಿಗೆ ಹಾಕಿದ್ದ. ಅವನು ಕತ್ತರಿಸಿದ್ದು ಮಹಬೂಬ್ ಸತ್ತ ಕಂಬದಲ್ಲಿ. ಅಷ್ಟು ಎತ್ತರ ಹತ್ತಿ, ಆ ಜಾಗದಲ್ಲೇ ಕೂತು, ಎದೆ ಅಲುಗದೆ ಕತ್ತರಿಸಿದ್ದ. ಕೆಲಸ ಹೋಯಿತು. ಆಫೀಸಿನವರು ಹಳೆಯ ಕೆಲಸ ನೋಡಿ ಪೊಲೀಸರಿಗೆ ಕೊಡಲಿಲ್ಲ. ದಾಕ್ಷಾಯಣಿ ಅವತ್ತು ಸಂಜೆಯೇ ಬಟ್ಟೆ ತುಂಬಿಕೊಂಡಳು. "ಬೈದಿದ್ದಕ್ಕಲ್ಲ ಅಕ್ಕ, ಕದ್ದಿದ್ದಕ್ಕೂ ಅಲ್ಲ," ಎಂದಳು. "ರಾತ್ರಿ ಪಕ್ಕದಲ್ಲಿ ಮಲಗಿದ್ರೆ ಒಂದು ಬಡಿತ ಆಗಿ ಇನ್ನೊಂದು ಬರೋವರೆಗೂ ಕಾಯ್ಬೇಕು. ಬರ್ತೈತೋ ಇಲ್ಲೋ ಅಂತ ಕಾಯ್ಬೇಕು. ನನ್ನ ಕೈಲಿ ಆಗಲ್ಲ." ತಿಪ್ಪೇಶ ಹೊಸಿಲಲ್ಲಿ ನಿಂತು ಅವಳು ಹೋಗುವುದನ್ನು ನೋಡಿದ. ಕಣ್ಣಲ್ಲಿ ನೀರು ಬಂತು. ಎದೆ ಸುಮ್ಮನೇ ಇತ್ತು.

ಆಮೇಲೆ ಕರಿಬಸು ಸತ್ತ. ಬೆಳಗಿನ ಹೊತ್ತು. ಅವನ ತಾಯಿ ಕೊಟ್ರಮ್ಮ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮಗ ಒಳಗೆ ಮಲಗಿದ್ದ. ಹೋಗಿಬರುವವರ ಹತ್ತಿರ, "ನಮ್ಮ ಹುಡುಗ ಅಪರೂಪಕ್ಕೆ ಚೆನ್ನಾಗಿ ನಿದ್ದೆ ಮಾಡ್ತಾ ಅದಾನೆ, ಕೇಳು ಹೆಂಗೆ ಹೊಡ್ಕೊಂತೈತೆ ನಿಧಾನಕ್ಕೆ," ಎಂದು ಸಮಾಧಾನದಿಂದ ಹೇಳುತ್ತಿದ್ದರಂತೆ. ಆ ಸದ್ದು ಹಾಗೇ ತೆಳ್ಳಗಾಗಿ ನಿಂತಾಗ ಅವರ ಮಡಿಲಲ್ಲಿ ಸಿಪ್ಪೆ ತುಂಬಿತ್ತು. ಒಳಗೆ ಹೋಗಿ ನೋಡಿದರೆ ಅವನ ತುಟಿ ನೇರಳೆ ಬಣ್ಣವಾಗಿ, ಮೈ ತಣ್ಣಗಾಗತೊಡಗಿತ್ತು.

ಮಣ್ಣಿಗೆ ಹೋಗಿಬಂದ ತಿಪ್ಪೇಶ ಸ್ನಾನ ಮಾಡದೆ ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ಕೂತ. ಅವನ ಮೈ ನಡುಗುತ್ತಿತ್ತು, ಮೂಗು ಸುರಿಯುತ್ತಿತ್ತು. ಬಹಳ ಕಾಲದ ಮೇಲೆ ಅವನ ಎದೆ ಅವನದೇ ಆಗಿ ಕೇಳಿಸಿತು. "ಅಕ್ಕ, ನನ್ನ ಎಲ್ಲಾದ್ರೂ ಕರ್ಕೊಂಡು ಹೋಗು," ಎಂದ. "ಈಗಲೇ. ಸಂಜೆಯಾದ್ರೆ ನಾನು ಬರಲ್ಲ."

ಚರ್ಚಿನ ಹಿಂದಿನ ಸಣ್ಣ ಆಸ್ಪತ್ರೆಗೆ ಹೋದೆವು. ಅಲ್ಲಿಯ ಡಾಕ್ಟರು ಫಿಲೋಮಿನಾ ಹೊರ ಊರಿನವರು, ನಮ್ಮೂರಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಅವನನ್ನು ಸೇರಿಸಿಕೊಂಡು, ನಡುಕ ವಾಂತಿಗಳಿಗೆ ಔಷಧಿ ಕೊಟ್ಟು, ದಿನ ಕಳೆದಂತೆ ಕೂರುವ ಹಾಗೆ ಮಾಡಿದರು. ನನ್ನನ್ನು ಒಂದು ದಿನ ಕರೆದು ಎದುರಿಗೆ ಕೂರಿಸಿಕೊಂಡರು.

"ಇದು ಹೆರಾಯಿನ್," ಎಂದರು. "ನಿಮ್ಮ ತಮ್ಮನಿಗೆ ಬುದ್ಧಿಯಿಲ್ಲ, ಮನಸ್ಸು ಗಟ್ಟಿಯಿಲ್ಲ ಅಂತ ಊರಲ್ಲಿ ಹೇಳ್ತಾರೆ. ಹಾಗಲ್ಲ ಇದು. ನೋವು ತಡೆಯೋಕೆ, ಭಯ ತಡೆಯೋಕೆ ಮೈಯೊಳಗೇ ಒಂದು ಏರ್ಪಾಡು ಇರುತ್ತೆ. ಪುಡಿ ಆ ಕೆಲಸ ವಹಿಸ್ಕೊಂಡ ಮೇಲೆ ಮೈ ಅದನ್ನ ಮಾಡೋದೇ ಬಿಡುತ್ತೆ. ಪುಡಿ ತೆಗೆದಾಗ ಸಣ್ಣ ನೋವೂ ದೊಡ್ಡದು, ಸಣ್ಣ ಹೆದರಿಕೆಯೂ ದೊಡ್ಡದು. ಮೈ ಅದನ್ನ ಮತ್ತೆ ಕಲೀಬೇಕು. ಅದಕ್ಕೆ ವರ್ಷಗಳೇ ಬೇಕಾಗಬಹುದು. ಅಲ್ಲಿವರೆಗೆ ನಾಲಿಗೆ ಕೆಳಗೆ ಇಡೋ ಒಂದು ಮಾತ್ರೆ ಇದೆ, ದಿನಾ ಬಂದು ಇಲ್ಲೇ ತಗೊಂಡ್ರೆ ಆಸೆ ತಡೆಯುತ್ತೆ. ಆದ್ರೆ ಅವರು ಬೇಡ ಅಂತಿದ್ದಾರೆ."

ತಿಪ್ಪೇಶ ಅದನ್ನು ಒಪ್ಪಿರಲಿಲ್ಲ. ಒಂದು ಬಿಟ್ಟು ಇನ್ನೊಂದು ಹಿಡಿಯುವುದು ಬೇಡ, ನನಗೆ ಏನೂ ಬೇಡ, ಖಾಲಿ ಮನುಷ್ಯನಾಗಿ ಮನೆಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದ.

"ಹಾಗಾದ್ರೆ ಇದನ್ನ ಸರಿಯಾಗಿ ಕೇಳಿ," ಎಂದು ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಅತಿ ಅಪಾಯದ ಕಾಲ ಈಗ ಶುರು. ಅವರ ಮೈಗೆ ಪುಡಿಯ ಅಭ್ಯಾಸ ತಪ್ಪಿದೆ. ಮನಸ್ಸಿಗೆ ಮಾತ್ರ ಹಳೇ ಅಳತೆ ನೆನಪಿದೆ. ಯಾವತ್ತೋ ಒಂದು ದಿನ ಸೋತು ಮೊದಲು ತಗೊಳ್ತಿದ್ದಷ್ಟೇ ತಗೊಂಡ್ರೆ ಮೈ ತಡೆಯಲ್ಲ. ನಿಮ್ಮೂರಿನವರು ಎದೆ ಕೇಳಿಸ್ಕೊಂಡು ಧೈರ್ಯವಾಗಿರ್ತೀರಿ. ಇದರಲ್ಲಿ ಮೊದಲು ನಿಲ್ಲೋದು ಎದೆ ಅಲ್ಲ, ಉಸಿರು. ಉಸಿರು ನಿಂತ ಮೇಲೂ ಎದೆ ಸ್ವಲ್ಪ ಹೊತ್ತು ಬಡೀತಾ ಇರುತ್ತೆ. ಆ ಸ್ವಲ್ಪ ಹೊತ್ತೇ ನಿಮಗೆ ಸಿಗೋದು."

ನನ್ನ ಎದೆ ಆ ಕೋಣೆಯಲ್ಲಿ ತುಂಬಿಕೊಂಡಿತ್ತು. ಕೊಟ್ರಮ್ಮ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡದ್ದು ಏನನ್ನು ಎಂದು ಆಗ ತಿಳಿಯಿತು.

ಅವರು ಉಸಿರು ನಿಂತರೆ ಪುಡಿಯ ಕೆಲಸ ತಡೆಯುವ ಔಷಧಿ ತುಂಬಿಟ್ಟ ಇಂಜೆಕ್ಷನ್‌ಗಳನ್ನು ಕೊಟ್ಟು, ತೊಡೆಗೆ ಬಟ್ಟೆಯ ಮೇಲಿಂದಲೇ ಹೇಗೆ ಚುಚ್ಚಬೇಕು, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಹೇಗೆ ಉಸಿರು ಊದಬೇಕು ಎಂದು ಒಂದು ದಿಂಬಿನ ಮೇಲೆ ಮಾಡಿ ತೋರಿಸಿದರು. ನನ್ನಿಂದಲೂ ಮಾಡಿಸಿದರು.

ಮನೆಗೆ ಬಂದ ತಿಪ್ಪೇಶ ಒಣಗಿದ ಕಡ್ಡಿಯಂತಿದ್ದ. ಆದರೂ ಅಂಗಳ ಗುಡಿಸುತ್ತಿದ್ದ, ನನಗೆ ಹತ್ತಿ ಹಿಂಜಿ ಕೊಡುತ್ತಿದ್ದ. ಅವನಿಗೆ ಎಲ್ಲದಕ್ಕೂ ಎದೆ ಹಾರುತ್ತಿತ್ತು. ಪಾತ್ರೆ ಬಿದ್ದರೆ, ನಾಯಿ ಬೊಗಳಿದರೆ, ಬೀದಿಯಲ್ಲಿ ಯಾರಾದರೂ ಹೆಸರು ಕರೆದರೆ. ನಿದ್ದೆ ಬರುತ್ತಿರಲಿಲ್ಲ. ಬಣ್ಣವೇ ಇಲ್ಲ ಅಕ್ಕ ಯಾವುದರಲ್ಲೂ, ಊಟ ಮಣ್ಣಿನ ಹಾಗೈತೆ ಎನ್ನುತ್ತಿದ್ದ. ದಾಕ್ಷಾಯಣಿ ಒಮ್ಮೆ ನೋಡಲು ಬಂದಳು. ಅವಳು ಇನ್ನೂ ತಿರುವಿನಲ್ಲಿದ್ದಾಗಲೇ ಇವನ ಎದೆ ಏರಿತು. ಅವಳಿಗೆ ಅದು ದೂರದಿಂದಲೇ ಕೇಳಿಸಿ, ಅಲ್ಲೇ ಬೇಲಿ ಹಿಡಿದು ನಿಂತುಬಿಟ್ಟಳು. ಒಳಗೆ ಬಂದು ಕಾಫಿ ಕುಡಿದು, ಹಬ್ಬ ಕಳೆದ ಮೇಲೆ ಬಂದುಬಿಡುತ್ತೇನೆ ಎಂದು ಹೇಳಿ ಹೋದಳು.

ಅದಾದ ಮೇಲೆ ಒಂದು ಮಧ್ಯಾಹ್ನ. ಮದುವೆಯ ಕಾಲ, ನಾನು ಪಡಸಾಲೆಯಲ್ಲಿ ತಲೆಯೆತ್ತದೆ ಹೊಲಿಯುತ್ತಿದ್ದೆ. ತಿಪ್ಪೇಶ ಹೊರಗೆ ಹೋಗಿ ಬಂದು, ಬೆನ್ನು ನೋಯ್ತೈತೆ, ಸ್ವಲ್ಪ ಮಲಗ್ತೀನಿ ಎಂದು ಕೋಣೆಗೆ ಹೋದ. ಸ್ವಲ್ಪ ಹೊತ್ತಿಗೆ ಅವನ ಎದೆ ಇಳಿಯಿತು. ಮೆತ್ತಗೆ, ಒಂದೇ ಸಮ. ನನಗೆ ಸಂತೋಷವಾಯಿತು. ಎಷ್ಟೋ ದಿನದ ಮೇಲೆ ನಿದ್ದೆ ಬಂದಿದೆ ಎಂದುಕೊಂಡು, ಯಂತ್ರದ ಸದ್ದಿಗೆ ಎಚ್ಚರವಾದೀತೆಂದು ಕಾಲು ನಿಲ್ಲಿಸಿದೆ. ಯಂತ್ರ ನಿಂತ ಮೇಲೆ ಆ ಬಡಿತ ಇನ್ನೂ ಸ್ಪಷ್ಟವಾಗಿ ಕೇಳಿತು. ಅದರ ಜೊತೆಗೆ ಇನ್ನೊಂದು ಸದ್ದು, ನೀರು ತುಂಬಿದ ಗಂಟಲಿನಿಂದ ಬಂದಂಥ ಗೊರಕೆ. ಅದು ನಿಂತಿತು. ಎದೆ ಹೋಗುತ್ತಲೇ ಇತ್ತು. ಎಲ್ಲ ಸರಿಯಾಗಿದೆ ಎಂದು ಹೇಳುವ ಹಾಗೆ ಹೋಗುತ್ತಲೇ ಇತ್ತು.

ನಾನು ಹೇಗೆ ಎದ್ದೆನೋ ಗೊತ್ತಿಲ್ಲ. ಬಾಗಿಲು ನೂಕಿದೆ. ಅವನು ಗೋಡೆಗೆ ವಾಲಿಕೊಂಡು ಕೂತಿದ್ದ, ಗದ್ದ ಎದೆಗೆ ತಗುಲಿತ್ತು, ಸೂಜಿ ಚಾಪೆಯ ಮೇಲೆ ಬಿದ್ದಿತ್ತು. ತುಟಿ ನೇರಳೆ. ಉಗುರು ನೇರಳೆ. ಕೆನ್ನೆಗೆ ಹೊಡೆದೆ, ಹೆಸರು ಕರೆದೆ. ಅಂಗಿಯ ಎದೆ ಏಳುತ್ತಿರಲಿಲ್ಲ. ನೆಲಕ್ಕೆ ಎಳೆದು ಮಲಗಿಸಿ, ಇಂಜೆಕ್ಷನ್ ತಂದು ತೊಡೆಗೆ ಚುಚ್ಚಿದೆ. ಮೂಗು ಹಿಡಿದು ಬಾಯಿಗೆ ಉಸಿರು ಊದಿದೆ. ಅವನ ಎದೆ ನನ್ನ ಉಸಿರಿಗೆ ಎದ್ದು ಇಳಿಯುತ್ತಿತ್ತು, ನಾನು ಬಿಟ್ಟರೆ ಸುಮ್ಮನಾಗುತ್ತಿತ್ತು. ಬಡಿತ ದೂರ ದೂರವಾಗತೊಡಗಿತು. ಒಂದು ಬಡಿತ, ಮತ್ತೆ ಏನೂ ಇಲ್ಲ, ಮತ್ತೆ ಒಂದು. ನನ್ನ ಎದೆಯ ಗದ್ದಲದಲ್ಲಿ ಅವನದು ಕೇಳುತ್ತಿದೆಯೋ ಇಲ್ಲವೋ ಎಂಬುದೂ ತಿಳಿಯದಾಯಿತು. ಕೇಳಿಸಿಕೊಳ್ಳುವುದನ್ನೇ ಬಿಟ್ಟು ಊದುತ್ತಾ ಹೋದೆ. ನನ್ನ ಎದೆ ಕೇಳಿ ಬೀದಿಯವರು ಓಡಿ ಬಂದರು. ಯಾರೋ ಆಸ್ಪತ್ರೆಗೆ ಓಡಿದರು. ಎರಡನೇ ಇಂಜೆಕ್ಷನ್ ಚುಚ್ಚಿದ ಮೇಲೆ ಅವನು ಮುಳುಗಿದವನು ಮೇಲೆ ಬಂದ ಹಾಗೆ ಒಮ್ಮೆಲೇ ಉಸಿರೆಳೆದುಕೊಂಡ.

ಕಣ್ಣು ಬಿಟ್ಟು ನನ್ನನ್ನು ತಳ್ಳಿದ. ವಾಂತಿ ಮಾಡಿಕೊಂಡ. "ಯಾಕೆ ಎಬ್ಬಿಸ್ದೆ?" ಎಂದು ಸಿಟ್ಟಿನಿಂದ ಕೇಳಿದ. ಆಮೇಲೆ ಸುತ್ತ ನಿಂತವರನ್ನು, ನನ್ನ ಮುಖವನ್ನು, ತನ್ನ ನೇರಳೆ ಉಗುರನ್ನು ನೋಡಿಕೊಂಡು, ಏನಾಯಿತೆಂದು ತಿಳಿದು ನಡುಗತೊಡಗಿದ. ಎಚ್ಚರವಾಯಿತೆಂದು ಬಿಟ್ಟು ಹೋಗಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇಂಜೆಕ್ಷನ್‌ನ ಶಕ್ತಿ ಬೇಗ ಇಳಿಯುತ್ತದೆ, ಪುಡಿ ಒಳಗೇ ಕಾದಿರುತ್ತದೆ. ಹಾಗಾಗಿ ಗಾಡಿ ಬರುವವರೆಗೂ ನಾನು ಅವನ ಅಂಗಿ ಹಿಡಿದುಕೊಂಡು ಮಾತಾಡಿಸುತ್ತಲೇ ಇದ್ದೆ. ಏನು ಮಾತಾಡಿದೆನೋ ಒಂದೂ ನೆನಪಿಲ್ಲ.

ಈಗ ಅವನು ದಿನವೂ ಚರ್ಚಿನ ಹಿಂದಿನ ಆಸ್ಪತ್ರೆಗೆ ಹೋಗಿ ನಾಲಿಗೆಯ ಕೆಳಗೆ ಆ ಮಾತ್ರೆ ಇಟ್ಟುಕೊಂಡು ಬರುತ್ತಾನೆ. ಕೆಲವರು ಅದೂ ಒಂದು ಚಟವೇ ಎಂದು ಆಡಿಕೊಳ್ಳುತ್ತಾರೆ. ಆದರೆ ಪುಡಿಯ ಹಾಗೆ ಅದು ಅವನ ಎದೆಯನ್ನು ಸುಮ್ಮನಾಗಿಸುವುದಿಲ್ಲ. ದಾಕ್ಷಾಯಣಿ ಬಂದಿದ್ದಾಳೆ. ರಾತ್ರಿ ದೀಪ ಆರಿಸುವುದಿಲ್ಲ, ಕೋಣೆಯ ಬಾಗಿಲು ಹಾಕುವುದಿಲ್ಲ. ಅವನು ನೀರಿಗೆ ಹೋದರೂ ನಮ್ಮಿಬ್ಬರಲ್ಲಿ ಒಬ್ಬರ ತಲೆ ಆ ಕಡೆ ತಿರುಗುತ್ತದೆ. ಅವನಿಗೆ ಅದು ಗೊತ್ತು.

ಮೊನ್ನೆ ಕೊಟ್ರಮ್ಮ ಬಂದರು. ಮಗ ಹೋದ ಮೇಲೆ ಅವರು ಯಾರ ಮನೆಗೂ ಹೋದವರಲ್ಲ. ಒಳಗೆ ಬಂದು, ನಾನು ಹಾಸಿದ ಚಾಪೆಯ ಮೇಲೆ ಕೂರದೆ, ತಿಪ್ಪೇಶನ ಎದುರಿಗೆ ನೆಲದ ಮೇಲೇ ಕೂತರು.

"ತಿಪ್ಪೇಶಿ, ಒಂದು ಮಾತು ಕೇಳ್ತೀನಿ. ಮುಚ್ಚಿಡಬ್ಯಾಡ," ಎಂದರು. "ಅವತ್ತು ಅವನ ಎದೆ ಬಡ್ಕೊಂತಾನೇ ಇತ್ತು. ನಾನು ಅಲ್ಲೇ ಜಗುಲಿಮ್ಯಾಲೆ ಕೂತಿದ್ದೆ. ನಾನು ಎದ್ದು ಒಳಗೆ ಹೋಗಿದ್ರೆ ಅವನು ಬದುಕ್ತಿದ್ನಾ?"

ದಾಕ್ಷಾಯಣಿ ನನ್ನ ಕಡೆ ನೋಡಿದಳು. ಇಲ್ಲ ಎಂದು ಹೇಳಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಆದರೆ ನಮ್ಮೂರಲ್ಲಿ ಎದುರಿಗೆ ಕೂತವರ ಹತ್ತಿರ ಅಂಥ ಸುಳ್ಳು ನಡೆಯುವುದಿಲ್ಲ.

"ಬದುಕಿರಬಹುದಿತ್ತು ಅವ್ವ," ಎಂದ ತಿಪ್ಪೇಶ. ಅವರ ಮುಖ ನೋಡಿಕೊಂಡೇ ಹೇಳಿದ. "ಆದ್ರೆ ನಿಮಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಎದೆ ಕೇಳಿದ್ರೆ ಮನುಷ್ಯ ಚೆನ್ನಾಗಿದ್ದಾನೆ ಅಂತಲೇ ನಾವೆಲ್ಲ ಬೆಳೆದಿದ್ದು. ಅವನು ಹೋದ ಮೇಲೆ ನಾನು ಹೆದರಿ ಡಾಕ್ಟರ ಹತ್ರ ಹೋದೆ. ಅವರು ನಮ್ಮಕ್ಕಂಗೆ ಹೇಳಿಕೊಟ್ರು. ಅದಕ್ಕೇ ಅವಳು ಬಾಗಿಲು ನೂಕಿದ್ದು. ಅವನು ಹೋಗಿದ್ದಕ್ಕೇ ನಾನು ಇಲ್ಲಿ ಕೂತಿದ್ದೀನಿ."

ಕೊಟ್ರಮ್ಮನವರ ಎದೆ ಒಡೆದ ಮಡಕೆ ಬಡಿದಂತೆ ಕೇಳುತ್ತಿತ್ತು. ಕೊನೆಗೆ, "ನೀನು ಮತ್ತೆ ತಗೊಂತೀಯೇನೋ?" ಎಂದರು.

ತಿಪ್ಪೇಶನ ಎದೆ ಏರಿತು. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ನಿಂತದ್ದು ಕಿಟಕಿಯಲ್ಲಿ ಕಂಡಿತು. ಅವನು ಅದನ್ನು ಮುಚ್ಚಿಕೊಳ್ಳಲು ಹೋಗಲಿಲ್ಲ. "ಇವತ್ತು ತಗೊಂಡಿಲ್ಲ," ಎಂದ. "ಬೇಕು ಅನ್ನಿಸ್ತೈತೆ ಅವ್ವ. ದಿನಾ ಅನ್ನಿಸ್ತೈತೆ. ನಾಳೆದು ನನ್ನ ಬಾಯಲ್ಲಿ ಹೇಳಿಸ್ಬೇಡಿ. ನನಗೆ ಹೆದರಿಕೆ ಆಗ್ತೈತೆ."

ಕೊಟ್ರಮ್ಮ ಮೊಣಕಾಲ ಮೇಲೆ ಸರಿದು ಅವನ ಹತ್ತಿರ ಬಂದರು. ಹೊಡೆಯುತ್ತಾರೇನೋ ಎಂದು ದಾಕ್ಷಾಯಣಿ ಎದ್ದು ನಿಂತಳು. ಅವರು ಬಲಗೈ ಎತ್ತಿ, ಬೆರಳುಗಳನ್ನು ಅಡ್ಡ ಮಾಡಿ, ಅವನ ಮೂಗಿನ ಕೆಳಗೆ ಹಿಡಿದರು. ಅವನು ಅಲುಗಾಡದೆ ಕೂತ. ಉಸಿರು ಬಿಟ್ಟ, ಎಳೆದುಕೊಂಡ, ಮತ್ತೆ ಬಿಟ್ಟ.

"ಬೆಚ್ಚಗೈತೆ," ಎಂದರು ಕೊಟ್ರಮ್ಮ, ಯಾರಿಗೂ ಅಲ್ಲ ಎಂಬಂತೆ. ತೋಳು ಸೋತು ನಡುಗತೊಡಗಿದಾಗ ಎಡಗೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಂಡರು. ಕೈ ತೆಗೆಯಲು ಮಾತ್ರ ಅವರಿಗೆ ಮನಸ್ಸು ಬರಲಿಲ್ಲ.